ಜನಪದ ಧ್ವನಿಮುದ್ರಣಗಳ ಜಾಲಪ್ರಸರಣ: ಸ್ವೀಕಾರ ಮತ್ತು ಸಂಗ್ರಹದ ವಿಧಾನ

ಮಲೆ ಮಾದೇಶ್ವರ, ಮಂಟೇಸ್ವಾಮಿಯಂತಹ ಜನಪದ ಮಹಾಕಾವ್ಯಗಳ ಧ್ವನಿಮುದ್ರಣವನ್ನು ಗಣಕಜಾಲದ ಮೂಲಕ ಸಂಗ್ರಹಾಗಾರಕ್ಕೆ ಕಳುಹಿಸುವುದು ಇಂದು ಸಾಧ್ಯವಾಗಿದೆ. ಗಾಯಕರು ಕಾಲವಾದ ಮೇಲೆ ಅವರ ಆ ದನಿಗೆ ಮುದ್ರಣವೊಂದೇ ಆಧಾರ. ಆದುದರಿಂದ ಅದು ಮಾರ್ಗಮಧ್ಯದಲ್ಲಿ ಊನಗೊಳ್ಳದೆ ಬಂದಿದೆಯೇ ಎಂಬುದು ತಂತ್ರಜ್ಞರ ಪ್ರಶ್ನೆ ಮಾತ್ರವಲ್ಲ, ಪಠ್ಯಶುದ್ಧಿಯ ಪ್ರಶ್ನೆಯೂ ಹೌದು.

ಜಾಲದಲ್ಲಿ ಗಣಕಗಳ ಕ್ರಮವಿಧಿಗಳು ಪರಸ್ಪರ ವ್ಯವಹರಿಸುವ ದ್ವಾರವನ್ನು ಸಾಕೆಟ್ ಎನ್ನುವರು. ೧೯೮೩ರ ೪.೨ ಬಿ.ಎಸ್.ಡಿ. ಯುನಿಕ್ಸ್‌ನೊಡನೆ ಇದು ವ್ಯಾಪಕ ಬಳಕೆಗೆ ಬಂದಿತು. ಇಲ್ಲಿ ಬಳಕೆಯಾಗುವ ಟಿ.ಸಿ.ಪಿ. ನಿಯಮಾವಳಿಯು ಬೈಟುಗಳನ್ನು ಕ್ರಮ ತಪ್ಪದಂತೆ ಒಪ್ಪಿಸುತ್ತದೆ. ಆದರೆ ಕಳುಹಿಸಿದ ತುಂಡುಗಳ ಗಡಿಯನ್ನು ಕಾಪಾಡುವುದಿಲ್ಲ. ೪,೦೯೬ ಬೈಟು ಕೇಳಿದಾಗ ೧,೪೬೦ ಮಾತ್ರ ದೊರೆಯಬಹುದು. ಒಮ್ಮೆ ಓದಿದೊಡನೆ ಎಲ್ಲವೂ ಬಂದಿತೆಂದು ಭಾವಿಸುವ ಕ್ರಮವಿಧಿ ಕಾವ್ಯದ ಆರಂಭವನ್ನಷ್ಟೇ ಉಳಿಸಿಕೊಳ್ಳುತ್ತದೆ.

ಇದಕ್ಕೆ ಪರಿಹಾರವೆಂದರೆ ಕಡತದ ಒಟ್ಟು ಅಳತೆಯನ್ನು ಮೊದಲೇ ಕಳುಹಿಸಿ, ಅಷ್ಟೂ ಬೈಟುಗಳು ಸೇರುವವರೆಗೆ ಮತ್ತೆ ಮತ್ತೆ ಓದುವುದು. ಓದಿದ ಪ್ರಮಾಣ ಸೊನ್ನೆಯೆಂದು ಬಂದರೆ ಎದುರಿನ ಗಣಕ ಕಳುಹಿಸುವುದನ್ನು ನಿಲ್ಲಿಸಿದೆ ಎಂದರ್ಥ; ಅಳತೆ ತುಂಬುವ ಮೊದಲೇ ಹೀಗಾದರೆ ಕಡತ ಅಪೂರ್ಣ.

ಅಳತೆಯನ್ನು ಬರೆಯುವ ಸ್ಥಳವೂ ವಿಚಾರಾರ್ಹ. ಸೆಕೆಂಡಿಗೆ ೪೪,೧೦೦ ಮಾದರಿ, ೧೬ ಬಿಟ್, ಎರಡು ವಾಹಿನಿಗಳ ಮುದ್ರಣ ಸೆಕೆಂಡಿಗೆ ೧,೭೬,೪೦೦ ಬೈಟು ಬೇಡುತ್ತದೆ. ನಾಲ್ಕು ಬೈಟುಗಳಲ್ಲಿ ಬರೆಯಬಹುದಾದ ಗರಿಷ್ಠ ಸಂಖ್ಯೆ ೪೨೯,೪೯,೬೭,೨೯೫. ಅಂದರೆ ಸುಮಾರು ಆರೂಮುಕ್ಕಾಲು ಗಂಟೆಯ ಹಾಡು. ಇರುಳಿಡೀ ಎಂಟು ಗಂಟೆ ಹಾಡಿದ ಕಾವ್ಯ ಈ ಮಿತಿಯನ್ನು ಮೀರುತ್ತದೆ. ಆದಕಾರಣ ಅಳತೆಗೆ ಎಂಟು ಬೈಟುಗಳನ್ನು ಮೀಸಲಿಡುವುದು, ಅವುಗಳ ಕ್ರಮವನ್ನು ಉಭಯ ಪಕ್ಷಗಳೂ ಮೊದಲೇ ನಿಶ್ಚಯಿಸಿಕೊಳ್ಳುವುದು ಅವಶ್ಯಕ.

ಸ್ವೀಕರಿಸಿದ ದತ್ತಾಂಶವನ್ನು ಅಕ್ಷರಪಠ್ಯವೆಂದು ತಿಳಿಯಬಾರದು. ಇಂತಹ ಮುದ್ರಣದಲ್ಲಿ ಪೂರ್ಣ ಮೌನವು ಸೊನ್ನೆಯ ಬೈಟುಗಳಾಗಿ ದಾಖಲಾಗುತ್ತದೆ. ಸಿ ಭಾಷೆಯ ಪಠ್ಯಕಾರ್ಯಗಳು ಸೊನ್ನೆಯ ಬೈಟನ್ನೇ ಅಂತ್ಯವೆಂದು ಗಣಿಸುವುದರಿಂದ ಮೌನವೇ ಮುಕ್ತಾಯವಾಗಿಬಿಡುತ್ತದೆ. ವಿಂಡೋಸ್‌ನಲ್ಲಿ ಪಠ್ಯರೂಪದಲ್ಲಿ ತೆರೆದ ಕಡತಕ್ಕೆ ಬರೆದರೆ, ಬೆಲೆ ೧೦ ಇರುವ ಪ್ರತಿ ಬೈಟಿನ ಮುಂದೆ ೧೩ ಸೇರಿ ಧ್ವನಿಯೇ ಕೆಡುತ್ತದೆ. ಕಡತವನ್ನು ದ್ವಿಮಾನ ರೂಪದಲ್ಲಿಯೇ ತೆರೆಯಬೇಕು.

ಕೊನೆಯದಾಗಿ, ಬಂದುದನ್ನು ತಾತ್ಕಾಲಿಕ ಹೆಸರಿನಲ್ಲಿ ಬರೆದು, ಕಳುಹಿಸಿದವರು ನೀಡಿದ ಎಸ್.ಎಚ್.ಎ.-೨೫೬ ಮೊತ್ತದೊಡನೆ ತಾಳೆ ನೋಡಿದ ನಂತರವೇ ಶಾಶ್ವತ ಹೆಸರು ಕೊಡುವುದು ಕ್ಷೇಮ. ಹಸ್ತಪ್ರತಿಗಳನ್ನು ಮೂಲದೊಡನೆ ಹೋಲಿಸಿ ನೋಡುವ ಶಿಸ್ತು ನಮಗೆ ಹೊಸದಲ್ಲ. ಈ ತಾಳೆ ಮುಗಿಯುವವರೆಗೆ ಕ್ಷೇತ್ರದಲ್ಲಿರುವ ಮೂಲ ಪ್ರತಿಯನ್ನು ಅಳಿಸಬಾರದೆಂಬುದೇ ಸಂಗ್ರಾಹಕರು ಪಾಲಿಸಬೇಕಾದ ಮೊದಲ ನಿಯಮ.