ಕ್ಯಾಟ್‌ಕಾನ್ ಬದಲಿಸುವ ಮುನ್ನ

ಹಾಲಾಡಿಯಿಂದ ಸಿದ್ದಾಪುರ, ಹೊಸಂಗಡಿ ದಾಟಿ ಬಾಳೆಬರೆ ಘಾಟಿ ಹತ್ತುವ ಪೆಟ್ರೋಲ್ ಕಾರಿಗೆ ಎಷ್ಟು ಒತ್ತಿದರೂ ಪಿಕಪ್ ಬಾರದಿದ್ದರೆ, ಸೈಲೆನ್ಸರ್ ಕೊಳವೆಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿರಬಹುದು. ಗ್ಯಾರೇಜಿನವರ ಬಾಯಲ್ಲಿ ಅದು ಕ್ಯಾಟ್‌ಕಾನ್.

ಬಿಚ್ಚಿ ಟಾರ್ಚ್ ಬಿಟ್ಟರೆ ಜೇನುಗೂಡಿನಂಥ ಪಿಂಗಾಣಿ ಕಾಣುತ್ತದೆ. ಚದರ ಇಂಚಿಗೆ ಸಾಮಾನ್ಯವಾಗಿ 400 ಕಂಡಿ. ಕಂಡಿಯ ಗೋಡೆಗೆ ಹಚ್ಚಿದ ಲೇಪದಲ್ಲಿ ಕೆಲವೇ ಗ್ರಾಂ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ. ಮೊದಲೆರಡು ಕಾರ್ಬನ್ ಮಾನಾಕ್ಸೈಡನ್ನೂ ಉರಿಯದೆ ಉಳಿದ ಪೆಟ್ರೋಲನ್ನೂ ಸುಡುತ್ತವೆ. ನೈಟ್ರೋಜನ್ ಆಕ್ಸೈಡುಗಳನ್ನು ಒಡೆಯುವುದು ರೋಡಿಯಂ. ಸುಮಾರು 250-300 ಡಿಗ್ರಿ ಕಾವೇರುವ ತನಕ ಯಾವುದೂ ಸರಿಯಾಗಿ ನಡೆಯದು.

ಇದು ತಾನಾಗಿ ಸಾಯುವುದು ಅಪರೂಪ. ಭಾರತ್ ಸ್ಟೇಜ್ 6ರ ನಿಯಮವೇ 1,60,000 ಕಿ.ಮೀ. ಬಾಳಿಕೆ ಕೇಳುತ್ತದೆ. ಕೊಲ್ಲುವುದು ಎಂಜಿನ್. ಪ್ಲಗ್ಗೋ ಕಾಯಿಲ್ಲೋ ಕೆಟ್ಟು ಗಾಡಿ ಮಿಸ್ಸಿಂಗ್ ಹೊಡೆದರೆ, ಸುಡದ ಪೆಟ್ರೋಲ್ ಕ್ಯಾಟ್‌ಕಾನ್‌ಗೆ ನುಗ್ಗಿ ಅಲ್ಲೇ ಉರಿಯುತ್ತದೆ. ಕಾವು ಸಾವಿರ ಡಿಗ್ರಿಯತ್ತ ಏರಿದಂತೆ ಲೋಹದ ಸೂಕ್ಷ್ಮ ಕಣಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ, ಹೊಗೆಗೆ ತಾಗುವ ಮೈ ಕುಗ್ಗುತ್ತದೆ. ಇನ್ನೂ ಏರಿದರೆ ಪಿಂಗಾಣಿಯೇ ಕರಗಿ ಕಂಡಿ ಮುಚ್ಚುತ್ತದೆ. ರಿಂಗ್ ಸವೆದು ಆಯಿಲ್ ಕುಡಿಯುವ ಗಾಡಿಯಲ್ಲಿ ಆಯಿಲಿನ ರಂಜಕ ಲೇಪದ ಮೇಲೆ ಕೂರುತ್ತದೆ. ಸೀಸವಂತೂ ವಿಷ, ಅದಕ್ಕೇ 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಕಾರುಗಳಿಗೆ ಕ್ಯಾಟ್‌ಕಾನ್ ಕಡ್ಡಾಯವಾದಾಗ ಸೀಸವಿಲ್ಲದ ಪೆಟ್ರೋಲೂ ಜತೆಗೇ ಬಂತು. ಹಾಗಾಗಿ ಮೊದಲು ಪ್ಲಗ್, ಕಾಯಿಲ್, ಆಯಿಲ್ ಖರ್ಚು ನೋಡಿಸಿ. ರೋಗ ಉಳಿದರೆ ಹೊಸದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಲೋಹ ಗಂಟಾಗುವ ತೊಂದರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ಎಸ್. ಹೆಗಡೆ ಮತ್ತು ಸಂಗಡಿಗರು ಹುಡುಕಿದ ದಾರಿ ನನಗೆ ಬಹಳ ಮೆಚ್ಚು. ಪಲ್ಲೇಡಿಯಮ್ಮನ್ನು ಕಣವಾಗಿ ಮೇಲೆ ಇಡದೆ, ಸೀರಿಯಂ ಆಕ್ಸೈಡಿನ ಹರಳೊಳಗೆ ಬಿಡಿಬಿಡಿ ಅಯಾನುಗಳಾಗಿ ಕೂರಿಸಿದರು. ಲೋಹ ಕಡಿಮೆ ಸಾಕು, ಒಂದೊಂದು ಅಯಾನೂ ದುಡಿಯುತ್ತದೆ.

ಬದಲಿ ಮಾಲಿನ ಕತೆ ಬೇರೆ. ರೋಡಿಯಂ ಬೆಲೆ 2021ರಲ್ಲಿ ಔನ್ಸಿಗೆ 29,000 ಡಾಲರ್ ಮುಟ್ಟಿತ್ತು. ಅಗ್ಗದ ಕ್ಯಾಟ್‌ಕಾನ್ ಅಗ್ಗವಾಗುವುದು ಇಂಥ ಲೋಹ ಉಳಿಸಿಯೇ. ಪಿಂಗಾಣಿ ಕುಟ್ಟಿ ತೆಗೆದು ಖಾಲಿ ಡಬ್ಬಿ ಕೂರಿಸುವವರೂ ಇದ್ದಾರೆ. ಅದು ಪೇಟೆಯ ಮಕ್ಕಳ ಉಸಿರಿಗೆ ಮಾಡುವ ಅನ್ಯಾಯ. ಹೊಗೆ ತಪಾಸಣೆಯೊಂದನ್ನೇ ನೆಚ್ಚುವಂತಿಲ್ಲ: ಪೆಟ್ರೋಲ್ ಕಾರಿನಲ್ಲಿ ಅದು ನೈಟ್ರೋಜನ್ ಆಕ್ಸೈಡ್ ಅಳೆಯುವುದೇ ಇಲ್ಲ. ರೋಡಿಯಂ ಸಾಲದ ಮಾಲೂ ಪಾಸಾಗಿಬಿಡಬಹುದು. ಕೊಳ್ಳುವಾಗ ಯಾವ ಸ್ಟೇಜಿನ ಗಾಡಿಗೆ ಮಾಡಿದ್ದು, ಎಷ್ಟು ಕಿಲೋಮೀಟರಿಗೆ ಗ್ಯಾರಂಟಿ ಎಂಬುದನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ.