ತಾಮ್ರಕ್ಕೂ ಮುಂಚಿನ ನಕ್ಷತ್ರಗಳು

ಹೊಳಲ್ಕೆರೆ ಕಡೆಯ ಭೀಮಸಮುದ್ರದಲ್ಲಿ ಅಡಿಕೆಯಷ್ಟೇ ಹೆಸರಾದದ್ದು ಕಬ್ಬಿಣದ ಅದಿರು. ಲಾರಿಗಳ ಹಿಂದೆ ಏಳುವ ಕೆಂಧೂಳಿನ ಬಣ್ಣ ಆ ಕಬ್ಬಿಣದ್ದೇ. ಚಿತ್ರದುರ್ಗದ ಪಕ್ಕದ ಇಂಗಳದಾಳಿನಲ್ಲಿ ಹಿಂದೆ ತಾಮ್ರ ತೆಗೆಯುತ್ತಿದ್ದರು. ಹಿರಿಯೂರು ದಾಟಿ ಶಿರಾ ತಾಲ್ಲೂಕಿನ ಅಜ್ಜನಹಳ್ಳಿಗೆ ಹೋದರೆ ಚಿನ್ನ. ಹೊಸದುರ್ಗದ ಗುಡ್ಡಗಳ ಮೇಲೆ ಹಾದುಹೋಗುವುದೂ ಇದೇ ಶಿಲಾಪಟ್ಟಿ. ಇಲ್ಲಿನ ಎಷ್ಟೋ ಕಲ್ಲುಗಳಿಗೆ ಸುಮಾರು 260 ಕೋಟಿ ವರ್ಷ ವಯಸ್ಸು. ಕಡಲ ನೀರಿನಲ್ಲಿ ಕರಗಿದ್ದ ಕಬ್ಬಿಣ ತಳಕ್ಕೆ ಕೂತು ಪದರುಪದರಾಯಿತು ಎಂದು ಭೂವಿಜ್ಞಾನ ಹೇಳುತ್ತದೆ. ಸರಿ, ಆ ಕಬ್ಬಿಣದ ಪರಮಾಣು ಮೊದಲು ತಯಾರಾದದ್ದೆಲ್ಲಿ? ಭೂಮಿಯಲ್ಲಂತೂ ಅಲ್ಲ.

ಮಹಾಸ್ಫೋಟದಿಂದ ಬಂದದ್ದು ಹೈಡ್ರೋಜನ್, ಹೀಲಿಯಂ, ಜೊತೆಗೆ ಚೂರುಪಾರು ಲಿಥಿಯಂ. ಮಿಕ್ಕ ಧಾತುಗಳಲ್ಲಿ ಬಹುಪಾಲು ನಕ್ಷತ್ರಗಳ ಒಡಲಲ್ಲಿ, ಇಲ್ಲವೇ ಅವುಗಳ ಸಾವಿನಲ್ಲಿ ಹುಟ್ಟಿದವು. ಬರ್ಬಿಜ್ ದಂಪತಿ, ಫೌಲರ್ ಮತ್ತು ಹಾಯ್ಲ್ 1957ರಲ್ಲಿ ಈ ಲೆಕ್ಕವನ್ನು ವಿವರವಾಗಿ ಬರೆದರು. ಲೆಕ್ಕಕ್ಕೆ ಸಾಕ್ಷಿ ಬೇಕಲ್ಲ? ಆ ಸಾಕ್ಷಿ ಸಿಗುವುದು ಮುದಿ ನಕ್ಷತ್ರಗಳಲ್ಲಿ. ಸೂರ್ಯನಿಗಿಂತ ತುಸು ಹಗುರಾದ ನಕ್ಷತ್ರ 1300 ಕೋಟಿ ವರ್ಷ ಬದುಕಬಲ್ಲದು. ಒಳಗೆ ಏನೇ ಉರಿಯುತ್ತಿರಲಿ, ಮೇಲ್ಮೈಯಲ್ಲಿರುವುದು ಬಹುಮಟ್ಟಿಗೆ ಅದು ಹುಟ್ಟಿದ ಕಾಲದ ಅನಿಲವೇ. ಸೂರ್ಯನಲ್ಲಿ ಸುಮಾರು 30 ಸಾವಿರ ಹೈಡ್ರೋಜನ್ ಪರಮಾಣುಗಳಿಗೆ ಒಂದು ಕಬ್ಬಿಣದ ಪರಮಾಣು ಇದ್ದರೆ, ಕೆಲವು ಮುದಿ ನಕ್ಷತ್ರಗಳಲ್ಲಿ 3 ಕೋಟಿಗೆ ಒಂದು.

ಇದನ್ನು ಎಣಿಸುವುದು ಬೆಳಕಿನ ಪಟ್ಟಿಯಲ್ಲಿ. ಒಂದೊಂದು ಧಾತುವೂ ತನ್ನದೇ ಬಣ್ಣಗಳನ್ನು ಹೀರಿಕೊಂಡು ರೋಹಿತದಲ್ಲಿ ಕಪ್ಪು ಗೆರೆಗಳನ್ನು ಬಿಡುತ್ತದೆ. ಗೆರೆ ತೆಳುವಾಗಿದ್ದ ಮಾತ್ರಕ್ಕೆ ಧಾತು ಕಡಿಮೆ ಎನ್ನುವಂತಿಲ್ಲ. ನಕ್ಷತ್ರ ಹೆಚ್ಚು ಬಿಸಿಯಾಗಿದ್ದರೂ ಅದು ಕ್ಷೀಣಿಸಬಹುದು. ಈ ಗೋಜಲನ್ನು ಬಿಡಿಸಲು ದಾರಿ ತೋರಿಸಿದ್ದು ಮೇಘನಾದ ಸಹಾ 1920ರಲ್ಲಿ ಕೊಟ್ಟ ಸಮೀಕರಣ. ಇಂದಿಗೂ ಮುದಿ ನಕ್ಷತ್ರದ ಲೆಕ್ಕ ಅದಿಲ್ಲದೆ ಮುಂದೆ ಸಾಗದು.

ಈ ಕೆಲಸ ನಮ್ಮಲ್ಲೇ ನಡೆಯುತ್ತಿದೆ. ಲಡಾಖಿನ ಹನ್ಲೆಯಲ್ಲಿ, ಸುಮಾರು 4500 ಮೀಟರ್ ಎತ್ತರದಲ್ಲಿ, 2 ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಅದನ್ನು ನಡೆಸುವವರು ಕೂತಿರುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ, ಉಪಗ್ರಹ ಸಂಪರ್ಕದ ಈ ತುದಿಯಲ್ಲಿ. ದೂರದರ್ಶಕಕ್ಕೆ ಜೋಡಿಸಿದ ಹೆಸ್ಪ್ ಎಂಬ ರೋಹಿತಲೇಖಿ ಬೆಳಕನ್ನು ಬಹು ನವಿರಾಗಿ ಬಿಡಿಸುತ್ತದೆ. ಭಾರತೀಯ ತಾರಾಭೌತ ಸಂಸ್ಥೆಯ ಟಿ. ಶಿವರಾಣಿ ಅವರ ತಂಡ ಇದರಿಂದ ಕಬ್ಬಿಣ ಕಡಿಮೆಯಿರುವ ನಕ್ಷತ್ರಗಳ ಸಮೀಕ್ಷೆ ನಡೆಸಿದೆ; ಅರುಣಾ ಗೋಸ್ವಾಮಿ ಅವರದು ಇಂಗಾಲ ಹೆಚ್ಚಿರುವ ಮುದಿ ನಕ್ಷತ್ರಗಳ ಅಧ್ಯಯನ.

ಇಂಗಳದಾಳಿನ ನೆಲದವರಿಗೆ ಇಲ್ಲೊಂದು ಸ್ವಾರಸ್ಯವಿದೆ. ಮುದಿ ನಕ್ಷತ್ರಗಳಲ್ಲಿ ಕಬ್ಬಿಣ ಹೇಗೂ ಕಡಿಮೆ, ತಾಮ್ರ ಅದಕ್ಕಿಂತಲೂ ಹಿಂದೆ ಬಿದ್ದಿರುತ್ತದೆ. ತಾಮ್ರದ ಬಹುಪಾಲು ತಯಾರಾಗುವುದು ಭಾರೀ ನಕ್ಷತ್ರಗಳೊಳಗೆ, ಮೊದಲೇ ಇದ್ದ ಕಬ್ಬಿಣ ನ್ಯೂಟ್ರಾನುಗಳನ್ನು ನುಂಗಿದಾಗ. ಹಿಂದಿನ ತಲೆಮಾರು ಕಬ್ಬಿಣ ಬಿಟ್ಟುಹೋಗದಿದ್ದರೆ ಮುಂದಿನವರಿಗೆ ತಾಮ್ರ ಹೆಚ್ಚು ಹುಟ್ಟದು. ಮೆಗ್ನೀಸಿಯಂ ಹಾಗಲ್ಲ, ಭಾರೀ ನಕ್ಷತ್ರಗಳು ಕೆಲವೇ ದಶಲಕ್ಷ ವರ್ಷಗಳಲ್ಲಿ ಸಿಡಿದು ಅದನ್ನು ಚೆಲ್ಲಿಬಿಡುತ್ತವೆ. ಕಬ್ಬಿಣದ ದೊಡ್ಡ ಪಾಲು ಮಾತ್ರ ಶ್ವೇತ ಕುಬ್ಜಗಳ ಸ್ಫೋಟದಿಂದ ತಡವಾಗಿ ಬರುತ್ತದೆ. ಹೀಗಾಗಿ ಮೆಗ್ನೀಸಿಯಂ ಮತ್ತು ಕಬ್ಬಿಣದ ಅನುಪಾತ ನೋಡಿದರೆ ಒಂದು ಗೆಲಾಕ್ಸಿ ನಕ್ಷತ್ರಗಳನ್ನು ಬೇಗ ಹೆತ್ತಿತೋ ನಿಧಾನವಾಗಿ ಹೆತ್ತಿತೋ ಗೊತ್ತಾಗುತ್ತದೆ. ಕುಬ್ಜ ಗೆಲಾಕ್ಸಿಗಳು ಸಾಮಾನ್ಯವಾಗಿ ನಿಧಾನದವು.

ಇವುಗಳಲ್ಲಿ ತೀರಾ ಮಂಕಾದವು ಕೆಲವು ನೂರು ಅಥವಾ ಸಾವಿರ ಸೂರ್ಯರಷ್ಟೇ ಬೆಳಗುತ್ತವೆ. ಅವುಗಳ ಬೆಲೆಯಿರುವುದೂ ಅಲ್ಲೇ. ಮಾರಿಕಣಿವೆಯ ನೀರಿಗೆ ಚಿಟಿಕೆ ಕುಂಕುಮ ಹಾಕಿದರೆ ಗೊತ್ತೇ ಆಗದು, ಚೊಂಬಿಗೆ ಹಾಕಿದರೆ ನೀರೆಲ್ಲ ಕೆಂಪು. 2015ರಲ್ಲಿ ಪತ್ತೆಯಾದ ರೆಟಿಕ್ಯುಲಮ್-2 ಅಂಥದೊಂದು ಚೊಂಬು. ಮರುವರ್ಷ ಅಲೆಕ್ಸಾಂಡರ್ ಜಿ ಮತ್ತು ಸಂಗಡಿಗರು ಅದರ 9 ನಕ್ಷತ್ರಗಳನ್ನು ನೋಡಿದಾಗ 7ರಲ್ಲಿ ಯುರೋಪಿಯಂನಂಥ ಭಾರ ಧಾತುಗಳು ವಿಪರೀತವಾಗಿದ್ದವು. ಅಂಥ ಬೇರೆ ಗೆಲಾಕ್ಸಿಗಳಲ್ಲಿ ಅವು ಅಷ್ಟಕ್ಕಷ್ಟೆ. ಅಂದರೆ ಅಪರೂಪದ ಒಂದೇ ಘಟನೆ ಇಡೀ ಗೆಲಾಕ್ಸಿಗೆ ಬಣ್ಣ ಹಚ್ಚಿತ್ತು. ಅದು ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿಯೋ, ವಿಶೇಷ ಬಗೆಯ ಸೂಪರ್‌ನೋವಾವೋ ಎಂಬ ವಾದ ಇನ್ನೂ ಮುಗಿದಿಲ್ಲ. 2017ರ ಆಗಸ್ಟ್ 17ರಂದು ಗುರುತ್ವ ಅಲೆಗಳಲ್ಲಿ ಸಿಕ್ಕ ಡಿಕ್ಕಿಯಂತೂ ಭಾರ ಧಾತುಗಳನ್ನು ಹುಟ್ಟಿಸಿದ್ದು ಖಚಿತ. ಅಜ್ಜನಹಳ್ಳಿಯ ಚಿನ್ನದ ವಂಶಾವಳಿ ಇಂಥ ಕಡೆಗೇ ಹೋಗಿ ಮುಟ್ಟುತ್ತದೆ.

ಅಷ್ಟು ಮಂಕಾದ ನಕ್ಷತ್ರಗಳ ರೋಹಿತವನ್ನು ಹನ್ಲೆಯ 2 ಮೀಟರ್ ಕನ್ನಡಿ ಬಿಡಿಸಲಾರದು. ಆದರೆ ಆಕಾಶಗಂಗೆ ಹಿಂದೆ ಎಷ್ಟೋ ಕುಬ್ಜ ಗೆಲಾಕ್ಸಿಗಳನ್ನು ನುಂಗಿದೆ. ದೊಡ್ಡದೊಂದರ ಕುರುಹು 2018ರಲ್ಲಿ ಗಾಯಾ ಉಪಗ್ರಹದ ಮಾಹಿತಿಯಲ್ಲಿ ಸಿಕ್ಕಿತು. ಆ ಅನಾಥ ನಕ್ಷತ್ರಗಳಲ್ಲಿ ಕೆಲವು ನಮ್ಮ ಹತ್ತಿರವೇ ಓಡಾಡಿಕೊಂಡಿವೆ, ಹೆಸ್ಪ್‌ಗೆ ಸಾಕಾಗುವಷ್ಟು ಬೆಳಕೂ ಅವುಗಳಿಗಿದೆ.

ಕಬ್ಬಿಣ ಪೂರ್ತಿ ಇಲ್ಲದ, ಮೊದಲ ತಲೆಮಾರಿನ ನಕ್ಷತ್ರವೊಂದು ಸಿಕ್ಕೀತೇ? 2014ರಲ್ಲಿ ಆಸ್ಟ್ರೇಲಿಯದ ಖಗೋಳಜ್ಞರು ವರದಿ ಮಾಡಿದ ಒಂದು ನಕ್ಷತ್ರದಲ್ಲಿ ಕಬ್ಬಿಣದ ಗೆರೆಯೇ ಕಾಣಲಿಲ್ಲ. ಇದ್ದರೂ ಸೂರ್ಯನಲ್ಲಿರುವುದರ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ಕಡಿಮೆ. ಆದರೆ ಕ್ಯಾಲ್ಸಿಯಂ ಇತ್ತು, ಇಂಗಾಲವೂ ಇತ್ತು. ಅದಕ್ಕೂ ಮೊದಲೊಂದು ನಕ್ಷತ್ರ ಸಿಡಿದು ಹೋಗಿತ್ತು.