ಎರವಲು ಆಟಿಕೆ, ಮನೆಮಾತಿನ ಓದು

ಜೀವಕೋಶಗಳಲ್ಲಿ ಜೋಡಿ ಜೋಡಿಯಾಗಿರುವ ವರ್ಣತಂತುಗಳ ಪೈಕಿ 21ನೆಯದು ಎರಡರ ಬದಲು ಮೂರಾಗಿ ಬಂದಾಗ ಉಂಟಾಗುವ ಸ್ಥಿತಿಯನ್ನು ಡೌನ್ ಸಿಂಡ್ರೋಮ್ ಎನ್ನುತ್ತಾರೆ. ಇದರ ಲಕ್ಷಣಗಳನ್ನು 1866ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್‌ಡನ್ ಡೌನ್ ವಿವರಿಸಿದರೂ ಕಾರಣ ಗೊತ್ತಾದದ್ದು 1959ರಲ್ಲಿ. ಇಂಥ ಮಗುವಿನ ಸ್ನಾಯುಗಳು ಸಡಿಲವಾಗಿರುವುದರಿಂದ ಕತ್ತು ನಿಲ್ಲುವುದು, ಕೂರುವುದು, ನಡೆಯುವುದು ತಡವಾಗುತ್ತವೆ. ಮಾತು ಇನ್ನೂ ತಡ. ಒಂದೊಂದು ಹಂತಕ್ಕೂ ಬೇರೆ ಆಟಿಕೆ, ಬೇರೆ ಚಿತ್ರಪುಸ್ತಕ ಬೇಕಾಗುವುದರಿಂದ ಎಲ್ಲವನ್ನೂ ಕೊಳ್ಳುವುದು ದುಬಾರಿ, ಮತ್ತು ಮುಂಬಯಿಯ ಒಂದೇ ಕೋಣೆಯ ಚಾಳಿನ ಮನೆಯಲ್ಲಿ ಅವನ್ನು ಇಟ್ಟುಕೊಳ್ಳಲು ಜಾಗವೂ ಇರುವುದಿಲ್ಲ.

ಈ ಕಷ್ಟಕ್ಕೆ ಸಿಕ್ಕ ಉತ್ತರಗಳಲ್ಲಿ ಆಟಿಕೆ ಗ್ರಂಥಾಲಯ, ಅಂದರೆ ಪುಸ್ತಕದಂತೆಯೇ ಆಟಿಕೆಯನ್ನು ಎರವಲು ಕೊಡುವ ವ್ಯವಸ್ಥೆ, ಮುಖ್ಯವಾದುದು. ಅಂಗವೈಕಲ್ಯವುಳ್ಳ ಮಕ್ಕಳಿಗಾಗಿಯೇ 1963ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಲೆಕೋಟೆಕ್ ಎಂಬ ಹೆಸರಿನಲ್ಲಿ ಅಂಥದೊಂದು ಆರಂಭವಾಯಿತು. ಮುಂಬಯಿಯಲ್ಲಿ ದೇವೇಂದ್ರ ದೇಸಾಯಿಯವರು 1982ರಲ್ಲಿ ಕಟ್ಟಿದ ಚಿಲ್ಡ್ರನ್ ಟಾಯ್ ಫೌಂಡೇಶನ್ ಈ ಕಲ್ಪನೆಯನ್ನು ದೇಶದ ಹಲವೆಡೆ ಹರಡಿತು. ಈ ನಗರಕ್ಕೆ ಇನ್ನೂ ಹಳೆಯ ಪರಂಪರೆಯೊಂದಿದೆ: ಡೌನ್ ಸಿಂಡ್ರೋಮ್ ಇದ್ದ ಮಗಳಿಗಾಗಿ ವಕೀಲ್ ದಂಪತಿ 1944ರಲ್ಲಿ ತೆರೆದ ಶಾಲೆಯೇ ಇಂದು ಶಿವಡಿಯಲ್ಲಿರುವ ಜೈ ವಕೀಲ್ ಸಂಸ್ಥೆಯಾಗಿ ಬೆಳೆದಿದೆ.

ಆದರೆ ಆಟಿಕೆಗೆ ಭಾಷೆ ಬೇಕಿಲ್ಲ, ಪುಸ್ತಕಕ್ಕೆ ಬೇಕು. ಮುಂಬಯಿಯ ಕನ್ನಡ ಕುಟುಂಬದ ತೊಡಕು ಶುರುವಾಗುವುದು ಇಲ್ಲಿಂದ. ಮನೆಯಲ್ಲಿ ತುಳು ಅಥವಾ ಕನ್ನಡ, ಓಣಿಯಲ್ಲಿ ಹಿಂದಿ, ಅಂಗಡಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್ ಕೇಳುವ ಮಗುವಿಗೆ ಇಷ್ಟೆಲ್ಲ ಭಾರವಾದೀತು, ಮನೆಮಾತು ಬಿಡಿ, ಒಂದೇ ಭಾಷೆ ಸಾಕು ಎಂಬ ಸಲಹೆ ತಂದೆತಾಯಿಯರನ್ನು ಹೆದರಿಸುತ್ತದೆ. ಆದರೆ ಕೆನಡಾದಲ್ಲಿ ಎಲಿಜಬೆತ್ ಕೇ-ರೇನಿಂಗ್ ಬರ್ಡ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಭಾಷೆಗಳ ನಡುವೆ ಬೆಳೆದ ಡೌನ್ ಸಿಂಡ್ರೋಮ್ ಮಕ್ಕಳು ಅದರಿಂದ ಹಿಂದೆ ಬಿದ್ದದ್ದು ಕಂಡುಬರಲಿಲ್ಲ. ಅಜ್ಜಿಯ ಮಾತನ್ನು ಮಗುವಿನಿಂದ ಕಸಿಯುವ ಸಲಹೆಗೆ ಆಧಾರವಿಲ್ಲ.

ಕೇಳಿದ್ದಕ್ಕಿಂತ ಕಂಡದ್ದನ್ನು ಈ ಮಕ್ಕಳು ಸುಲಭವಾಗಿ ನೆನಪಿಡುತ್ತಾರೆ. ಡೌನ್ ಸಿಂಡ್ರೋಮ್ ಇದ್ದ ಮೂರು ವರ್ಷದ ಮಗಳಿಗೆ ಓದು ಕಲಿಸಿದ ತಂದೆಯೊಬ್ಬರ ಅನುಭವದಿಂದ ಪ್ರೇರಿತರಾಗಿ ಇಂಗ್ಲೆಂಡಿನ ಮನೋವಿಜ್ಞಾನಿ ಸ್ಯೂ ಬಕ್ಲಿ 1980ರ ಹೊತ್ತಿಗೆ ಆರಂಭಿಸಿದ ಸಂಶೋಧನೆ, ಮಾತು ಬಂದ ಮೇಲೆ ಓದು ಎಂಬ ಕ್ರಮವನ್ನೇ ಬದಲಿಸಿ, ಓದಿನಿಂದಲೇ ಮಾತನ್ನು ಬೆಳೆಸಬಹುದೆಂದು ತೋರಿಸಿತು. ಈ ವಿಧಾನದಲ್ಲಿ ಇಡೀ ಪದವನ್ನು ಬರೆದ ಕಾರ್ಡನ್ನು ಮಗು ಮೊದಲು ಅಂಥದೇ ಕಾರ್ಡಿನೊಡನೆ ಜೋಡಿಸುತ್ತದೆ, ಬಳಿಕ ಕೇಳಿದ ಪದದ ಕಾರ್ಡನ್ನು ಆರಿಸುತ್ತದೆ, ಕೊನೆಗೆ ತಾನೇ ಹೆಸರಿಸುತ್ತದೆ. ಅಕ್ಷರಮಾಲೆ, ಕಾಗುಣಿತ, ಒತ್ತಕ್ಷರಗಳ ಸರದಿ ಆಮೇಲೆ. ಪದಗಳು ಮಗುವಿನ ಬದುಕಿನವೇ ಆಗಿರಬೇಕಾದ್ದರಿಂದ ಅಮ್ಮ, ಅಜ್ಜಿ, ದೋಸೆ, ಲೋಕಲ್ ರೈಲು ಬೇಕೇ ಹೊರತು ಅಂಗಡಿಯ ಇಂಗ್ಲಿಷ್ ಕಾರ್ಡುಗಳಲ್ಲಿರುವ ಇಗ್ಲೂ, ಜೀಬ್ರಾಗಳಲ್ಲ.

ಇಂಥ ಕಾರ್ಡುಗಳನ್ನು, ಮನೆಯವರ ಫೋಟೊ ಅಂಟಿಸಲು ಖಾಲಿ ಜಾಗ ಬಿಟ್ಟ ಕನ್ನಡ ಪುಸ್ತಕಗಳನ್ನು ಎರವಲು ಕೊಡಲು ಹೊಸ ಕಟ್ಟಡವೇನೂ ಬೇಡ. 1902ರ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರ ಮಾಟುಂಗಾದ ಮೈಸೂರು ಅಸೋಸಿಯೇಷನ್, ಶಾಲೆಯನ್ನೂ ನಡೆಸುವ ಡೊಂಬಿವಲಿ ಕರ್ನಾಟಕ ಸಂಘ, ಹೀಗೆ ಹೊರನಾಡಿನಲ್ಲಿ ಕನ್ನಡಿಗರು ಬೆವರು ಸುರಿಸಿ ಕಟ್ಟಿದ ಸಂಸ್ಥೆಗಳ ಬಳಿ ಒಂದು ಕಪಾಟಿಗಾಗುವಷ್ಟು ಜಾಗವೂ ಸದಸ್ಯರ ವಿಶ್ವಾಸವೂ ಇವೆ. ಉಪನಗರದ ಕಪಾಟಿಗೆ ಬೆಲೆ ಹೆಚ್ಚು, ಏಕೆಂದರೆ ಮಗುವನ್ನು ಎತ್ತಿಕೊಂಡು ಕಿಕ್ಕಿರಿದ ಲೋಕಲ್‌ನಲ್ಲಿ ನಗರದೊಳಗಿನ ಪರೇಲ್‌ವರೆಗೆ ಬರುವುದು ತಾಯಿಯ ಇಡೀ ದಿನವನ್ನೇ ತಿಂದುಹಾಕುತ್ತದೆ. ಇಂಥ ಕಪಾಟಿಗೆ ಹದಿನೈದು ದಿನಗಳ ಗಡುವು, ದಂಡ ಎಂಬ ಸಾಮಾನ್ಯ ನಿಯಮಗಳು ಹೊಂದುವುದಿಲ್ಲ, ಮಗುವಿಗೆ ರೂಢಿಯಾಗುವವರೆಗೂ ವಸ್ತು ಮನೆಯಲ್ಲೇ ಉಳಿಯಬೇಕು. ಬಾಯಿಗೆ ಹಾಕಿದರೂ ತೊಳೆಯಲು ಬರುವಂತಿರಬೇಕು, ಹರಿದರೆ ಯಾರೂ ಗದರಬಾರದು. ತಿಂಗಳಿಗೊಂದು ಭಾನುವಾರ ವಾಕ್‌ಚಿಕಿತ್ಸಕರು, ಅಂದರೆ ಮಾತಿನ ತರಬೇತಿ ನೀಡುವ ತಜ್ಞರು, ಅಲ್ಲಿ ಕುಳಿತು ಕಾರ್ಡುಗಳ ಬಳಕೆಯನ್ನು ಮನೆಯವರಿಗೆ ತೋರಿಸಿಕೊಡಬೇಕು. ಮಗುವಿನೊಡನೆ ಹಗಲೆಲ್ಲ ಇರುವ ಅಜ್ಜಿಯೂ ಆ ದಿನ ಜೊತೆಗೆ ಬರುವುದು ಅಗತ್ಯ.